ಕೆಂಪು ಕ್ಲಿಪ್ಪು

ಅಮ್ಮ ಆ ಕೆಂಪು ಕ್ಲಿಪ್ಪನ್ನೂ ಬಿಡಲಿಲ್ಲವಲ್ಲ, ಅರ್ಪಿತಳ ಕಣ್ಣು ಹಿತ್ತಲ ತಂತಿಯ ಮೇಲೇ ನಿಂತಿತು, ಅಣ್ಣ ಬೈರೇಶನ ಗೋಡೌನ್ ಕೆಲಸದ ಶರ್ಟು ಹಿಡಿದಿದ್ದ ಕ್ಲಿಪ್ಪು, ಹೋದ ವರ್ಷ ಹೈವೇಯಲ್ಲಿ ಲಾರಿ ಅವನನ್ನು ಕೆಡವಿದ ದಿನ ಶರ್ಟು ಇಲ್ಲೇ ಒಣಗುತ್ತಿತ್ತು, ಶರ್ಟನ್ನು ಅವನ ಜೊತೆಗೇ ಮಸಣಕ್ಕೆ ಕಳಿಸಿದರು, ಕ್ಲಿಪ್ಪನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ, ಈಗ ಅದರ ಬಾಯಲ್ಲಿ ಮಗುವಿನ ಉಚ್ಚೆಬಟ್ಟೆ — ಎಷ್ಟು ಸಲೀಸು, ಒಬ್ಬ ಹೋದ, ಇನ್ನೊಬ್ಬ ಬಂದ, ತಂತಿ ಖಾಲಿ ಇರಬಾರದು ನೋಡು. ಕಣ್ಣು ಉರಿಯುತ್ತಿದೆ, ಈ ಮಗು ಬಂದಾಗಿನಿಂದ ನೆಟ್ಟಗೆ ನಿದ್ದೆಯಿಲ್ಲ, ಕಾಲೇಜಿನಲ್ಲಿ ನವ್ಯಶ್ರೀ ಕೇಳಿದ್ದಳು, ನಿಮ್ಮಮ್ಮಂಗೆ ಈ ವಯಸ್ಸಲ್ಲಿ ಪಾಪುನಾ ಕಣೇ, ಅರ್ಪಿತ ನಕ್ಕುಬಿಟ್ಟಿದ್ದಳು, ನಗದೆ ಏನು ಮಾಡುವುದು, ಸಾಕಾಗಿಹೋಗಿದೆ. ಈ ಮಗು ನನ್ನ ತಮ್ಮ ಅಲ್ಲ, ಬಸ್ಸಿನಲ್ಲಿ, ಬಚ್ಚಲಲ್ಲಿ, ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿಲ್ಲ, ನನಗಿದ್ದದ್ದು ಒಬ್ಬನೇ ಅಣ್ಣ, ಈ ಕ್ಲಿಪ್ಪನ್ನೇ ನನ್ನ ಕಿವಿಗೆ ಸಿಕ್ಕಿಸಿ ಓಡುತ್ತಿದ್ದವನು, ಲೇ ಅರ್ಪಿ, ಓಲೆ ಚೆನ್ನಾಗದೆ ಕಣೇ ಅಂತ, ಕಿವಿ ಕೆಂಪಗಾಗುವಷ್ಟು ನೋವು, ಆ ನೋವಾದರೂ ಒಮ್ಮೆ ಬರಬಾರದೇ.

ಏನೇ, ನಿಂತ್ಕಂಡೇ ನಿದ್ದೆ ಮಾಡ್ತಿದ್ದೀಯಾ, ಬಾ ಇಲ್ಲಿ, ಅಜ್ಜಿ ಅಮ್ಮಯಮ್ಮ ಕರೆಯುತ್ತಾಳೆ, ಮೊರದಲ್ಲಿ ಹಳೇ ಸೀರೆ ಹಾಸಿ, ಮಗುವನ್ನು ಮಲಗಿಸಿ, ತಿಪ್ಪೆಯ ಮೇಲೆ ಇಟ್ಟಾಗಿದೆ, ಮಗ ಹೋದ ಮನೆಯಲ್ಲಿ ಹೀಗೇ ಮಾಡಬೇಕಂತೆ, ಯಾರಿಗೂ ಬೇಡದ ಕೂಸು ಅಂತ ಬಿಸಾಕಿದ ಹಾಗೆ ನಟಿಸಿದರೆ ಯಮ ಅತ್ತ ತಿರುಗಿಯೂ ನೋಡುವುದಿಲ್ಲವಂತೆ, ಪಕ್ಕದ ಮನೆ ಅಕ್ಕಯಮ್ಮ ತೌಡು ಕೊಟ್ಟು ಕೊಳ್ಳುತ್ತಾಳೆ, ಆಮೇಲೆ ಸಾಕಲು ನಮಗೇ ಕೊಡುತ್ತಾಳೆ. ನಮ್ಮದಲ್ಲ ಅನ್ನಬೇಕಾದವಳು ಅಮ್ಮ, ಅವಳಿಗೆ ಬಾಯೇ ಬರಲಿಲ್ಲ, ಒಳಗೆ ಹೋಗಿ ಕೂತಿದ್ದಾಳೆ, ಅದಕ್ಕೇ ಅವಳ ಬದಲು ಅರ್ಪಿತ, ಅಷ್ಟೇ ತಾನೇ, ನನಗದು ಬಾಯಿಪಾಠ. ಅಕ್ಕಯಮ್ಮ ತೌಡಿನ ಬಟ್ಟಲು ಹಿಡಿದು ಕೇಳುತ್ತಾಳೆ, ಯಾರ ಮಗುನವ್ವಾ ಇದು, ಮಗು ಬಿಸಿಲಿಗೆ ಮುಖ ಕಿವಿಚುತ್ತದೆ, ನೊಣವೊಂದು ಅದರ ಕಿವಿಯ ಮೇಲೆ ಕೂರುತ್ತದೆ, ಏಳುತ್ತದೆ, ಮತ್ತೆ ಅಲ್ಲೇ, ಓಡಿಸಿಕೊಳ್ಳಲು ಅದಕ್ಕೆ ತಿಳಿಯದು, ಯಾರ ಮಗುನವ್ವಾ, ಹೇಳೇ ಅಂತ ಅಜ್ಜಿ, ಅರ್ಪಿತ ಬಗ್ಗಿ ನೊಣ ಓಡಿಸುತ್ತಾಳೆ, ಬೆರಳಿಗೆ ಆ ಕಿವಿ, ಬಿಸಿ, ಮೆತ್ತಗೆ — ನಮ್ಮದು, ಅಂದುಬಿಟ್ಟಳು, ನಮ್ಮನೇದು, ನನ್ನ ತಮ್ಮ. ಕೆಡಿಸ್ಬಿಟ್ಟಲ್ಲೇ, ಅಜ್ಜಿ ಎದೆ ಹಿಡಿದುಕೊಳ್ಳುತ್ತಾಳೆ, ಆ ಯಮ ಕೇಳಿಸ್ಕಂಡ್ಬಿಟ್ನಲ್ಲೇ, ಕೇಳಿಸಿಕೊಂಡನೇ, ಎಲ್ಲ ಸುಳ್ಳು, ಸುಳ್ಳೇ ಇರಬೇಕು, ಆದರೂ ಕಳೆದುಕೊಳ್ಳಲು ಮತ್ತೊಬ್ಬ ಬಂದುಬಿಟ್ಟ, ಮಗುವನ್ನು ಎದೆಗೆ ಅವಚಿಕೊಂಡು ಅವಳು ತಂತಿಯ ಕಡೆ ನೋಡುತ್ತಾಳೆ, ಗಾಳಿ ಆ ಪುಟ್ಟ ಬಟ್ಟೆಯನ್ನು ಎಳೆಯುತ್ತಿದೆ, ಕೆಂಪು ಕ್ಲಿಪ್ಪು, ಬಿಡಬೇಡ, ಬಿಡಬೇಡ, ಕೆಂಪು ಕ್ಲಿಪ್ಪು —