ನಾಲ್ಕು ವರ್ಷದ ಹಿಂದಿನ ನಿಯಮ

ಕೆಂಪು ಚುಕ್ಕೆ ಗೋಡೆ ಮೇಲೆ ಓಡ್ತಾ ಇದೆ, ಮೇಷ್ಟ್ರ ಕೈಯಲ್ಲಿರೋ ಲೇಸರ್ ಕಡ್ಡಿಯದು, ಪರದೆ ಬಿಟ್ಟು ಕಿಟಕಿಗೆ, ಕಿಟಕಿ ಬಿಟ್ಟು ನನ್ನ ಮುಂದೆ ಕೂತವನ ಬೋಳುತಲೆಗೆ — ಮೂವತ್ತು ಜನ ಎಲೆಕ್ಟ್ರಿಷಿಯನ್‌ಗಳು, ಹೆಂಗಸು ನಾನೊಬ್ಬಳೇ, ಲೈಸೆನ್ಸ್ ಉಳೀಬೇಕಾದ್ರೆ ಈ ತರಬೇತಿಗೆ ಒಂದು ದಿನ ಕೂರಲೇಬೇಕಂತೆ, ಕೂತಿದೀನಿ, ಇಪ್ಪತ್ತೆರಡು ವರ್ಷ ಏಣಿ ಮೇಲೆ ನಿಂತು ನೋಯದ ಸೊಂಟ ಪ್ಲಾಸ್ಟಿಕ್ ಕುರ್ಚಿ ಮೇಲೆ ಎರಡೇ ಗಂಟೆಗೆ ಹಿಡ್ಕೊಂಡಿದೆ. ಈ ಮೇಷ್ಟ್ರ ಅಂಗಿ ತೋಳಿನ ಇಸ್ತ್ರಿ ಗೆರೆ ನೋಡಿದ್ರೇ ಸಾಕು, ಗೋಡೆ ಕೊರೆದ ಧೂಳು ಮೂಗಿಗೆ ಹೋದ ಮನುಷ್ಯ ಅಲ್ಲ, ಪರದೆ ಮೇಲಿರೋದನ್ನ ನಮಗೆ ಓದಿ ಹೇಳ್ತಾರೆ, ನಮಗೂ ಅಕ್ಷರ ಬರುತ್ತೆ ಸ್ವಾಮಿ. ಮುಂದಿನದು ಮನೆ ವೈರಿಂಗ್, ಒದ್ದೆ ಇರೋ ಕಡೆ ಸಾಕೆಟ್‌ಗಳಿಗೆಲ್ಲ ಆರ್‌ಸಿಸಿಬಿ ಅನ್ನೋ ಸ್ವಿಚ್ಚು ಕಡ್ಡಾಯ, ಕರೆಂಟು ಚೂರು ಸೋರಿದ್ರೂ ಕಣ್ಣು ಮಿಟುಕಿಸೋದ್ರೊಳಗೆ ಲೈನ್ ಕಟ್ ಮಾಡುತ್ತೆ, ಈ ನಿಯಮ ಬಂದು ನಾಲ್ಕು ವರ್ಷ ಆಯ್ತು, ನಿಮಗೆಲ್ಲ ಗೊತ್ತಿರೋದೇ, ಮುಂದೆ ಹೋಗೋಣ ಅಂತಾರೆ.

ಎಲ್ಲಿಗೆ ಮುಂದೆ, ನಾಲ್ಕು ವರ್ಷ ಅಂದ್ರಾ, ತಂಗಿ ಮನೆ ವೈರಿಂಗ್ ಮಾಡಿದ್ದು ಮೂರು ವರ್ಷದ ಹಿಂದೆ, ಅವಳ ಮಗಳಿಗೆ ಆಗ ಮುಂದಿನ ಎರಡು ಹಾಲುಹಲ್ಲು ಬಿದ್ದು ಬಾಯಿ ಬಾಗಿಲು ತೆಗೆದಿಟ್ಟ ಹಾಗಿತ್ತು, ದೊಡ್ಡಮ್ಮ ದೊಡ್ಡಮ್ಮ ಅಂತ ಏಣಿ ಸುತ್ತಾನೇ ಸುತ್ತೋಳು, ಹೌದು, ಮೂರೇ. ಆ ಸ್ವಿಚ್ಚು ನಾನು ಕಾಣದ್ದಲ್ಲ, ದೊಡ್ಡ ಕಟ್ಟಡಗಳಲ್ಲಿ ಎಷ್ಟೋ ಹಾಕಿದೀನಿ, ಮನೆಗಳಿಗೆ ಬೇಕಾದ್ರೆ ಹಾಕ್ಸಿ ಅಂತಿದ್ದೆ, ಬೇಕಾದ್ರೆ ಅಂದ್ರೆ ಯಾರಿಗೆ ಬೇಕು, ತಂಗಿಗೂ ಹಾಗೇ ಅಂದೆ, ಅವಳು, ಅಕ್ಕಾ ನೀನು ಹೆಂಗೆ ಹೇಳ್ತೀಯೋ ಹಂಗೆ ಅಂದ್ಲು, ನಾನು ಹೆಂಗೆ ಹೇಳ್ತೀನೋ ಹಂಗೆ! ಅರ್ಥಿಂಗ್ ಇದೆ, ಲೋಡ್ ಜಾಸ್ತಿ ಆದ್ರೆ ಬೀಳೋ ಎಂಸಿಬಿ ಇದೆ, ಸಾಕು ಬಿಡು ಅಂದೆ. ಹೋದ ವರ್ಷ ಬಟ್ಟೆ ಒಗೆಯೋ ಮೆಷಿನ್ ಮುಟ್ಟಿದವಳನ್ನ ಕರೆಂಟು ಹಿಡ್ಕೊಂಡು ಬಿಡಲಿಲ್ಲ, ಎಂಸಿಬಿ ಬೀಳಲಿಲ್ಲ, ಅಷ್ಟು ಸೋರಿಕೆಗೆ ಅದು ಬೀಳಲ್ಲ, ಅವಳ ಗಂಡ ಬಂದು ಮರದ ಸ್ಟೂಲಲ್ಲಿ ಹೊಡೆದು ಬಿಡಿಸಿದ್ರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚಲ್ಲ. ರವಿಕೆ ಹೊಲಿಯೋಳು ಅವಳು, ಬೀದಿ ಹೆಂಗಸರೆಲ್ಲ ಅವಳ ಹತ್ರಾನೇ ಬರೋರು, ಈಗ ಬೇರೆಯವರು ಹೊಲಿದದ್ದಕ್ಕೆ ಎಡಗೈಯಲ್ಲಿ ಗುಂಡಿ ಹಚ್ಚಿ ಕೊಡ್ತಾಳೆ. ಆಸ್ಪತ್ರೆ ಮಂಚದ ಪಕ್ಕ ನಿಂತು ನಾನು ಏನಂದೆ, ಒದ್ದೆ ಕೈಯಲ್ಲಿ ಯಾಕೇ ಮುಟ್ಟಿದೆ, ಎಲೆಕ್ಟ್ರಿಷಿಯನ್ ತಂಗಿ ಆಗಿ ಅಷ್ಟೂ ಬುದ್ಧಿ ಬೇಡ್ವಾ, ಅಂದೆ, ಅವಳ ಗಂಡನ ಮುಂದೆ, ನರ್ಸ್ ಮುಂದೆ, ಅವಳು ಬ್ಯಾಂಡೇಜು ನೋಡ್ಕೊಂಡು, ತಪ್ಪಾಯ್ತಕ್ಕಾ ಅಂದ್ಲು.

ಎದ್ದು ನಿಂತಿದೀನಿ, ಯಾವಾಗ ಎದ್ದೆನೋ, ಸಾರ್ ನಾಲ್ಕು ವರ್ಷದ ಹಿಂದೆ ಬಂದ ನಿಯಮ ಯಾರಿಗೆ ಹೇಳಿದ್ರಿ? ವೆಬ್‌ಸೈಟಲ್ಲಿ ಹಾಕಿದೀವಲ್ಲಮ್ಮ. ಯಾರ ಮನೆ ವೆಬ್‌ಸೈಟು, ಆಮೇಲೆ ಒಂದು ಸಲ ಲೈಸೆನ್ಸ್ ನವೀಕರಣಕ್ಕೆ ಬಂದಿದ್ದೆ, ನಿಮ್ಮ ಗುಮಾಸ್ತರು ತಲೆ ಎತ್ತದೆ ಮುದ್ರೆ ಒತ್ತಿ ಕಳಿಸಿದ್ರು, ಒಂದು ಚೀಟಿ ಕೊಟ್ಟಿದ್ರೆ ಅವರ ಕೈ ಸವೀತಿತ್ತಾ? ನೋಡಿಮ್ಮ, ತಿಳ್ಕೊಳ್ಳೋದು ನಿಮ್ಮ ಜವಾಬ್ದಾರಿ, ಕೂತ್ಕೊಳ್ಳಿ, ಇನ್ನೂ ಬೇಕಾದಷ್ಟಿದೆ — ಬೇಕಾದಷ್ಟಿದೆಯಂತೆ, ಹತ್ತೇ ನಿಮಿಷಕ್ಕೆ ಹಾಜರಿ ಹಾಳೆ ಬಂತು, ಮಧ್ಯಾಹ್ನದ ಸಹಿಯನ್ನೂ ಈಗಲೇ ಹಾಕ್ಬಿಡಿ, ಊಟಕ್ಕೆ ಹೋದವರು ಹಾಗೇ ಹೋಗಬಹುದು, ಅಂದ್ರು ಮೇಷ್ಟ್ರು. ನನ್ನ ಬಿಟ್ಟು ಎಲ್ಲರೂ ನಕ್ಕರು, ಖುಷಿಯ ನಗು, ಶಾಲೆ ಬೇಗ ಬಿಟ್ಟ ಹಾಗೆ, ಪಕ್ಕದ ಮೀಸೆಯವನು ಪೆನ್ನು ನನ್ನ ಕಡೆ ಚಾಚಿ, ಹಾಕಮ್ಮ ತಾಯಿ, ನಿನಗ್ಯಾಕೆ ಊರ ಉಸಾಬರಿ ಅಂದ. ಊರ ಉಸಾಬರಿ! ಹಾಳೆ ಅವನ ಮಡಿಲಿಗೆ ಹಾಕಿ ವರಾಂಡಕ್ಕೆ ಬಂದೆ, ಫೋನಲ್ಲಿ ತಂಗಿ ಹೆಸರು ಒತ್ತೋಕೆ ಹೋಗಿ ಎರಡು ಸಲ ತಪ್ಪಿತು.

ಏನಕ್ಕಾ ಈ ಹೊತ್ತಲ್ಲಿ? ನಿನ್ನ ಕೈ ಒದ್ದೆ ಇತ್ತು ಅಂತ ಬೈದೆನಲ್ಲ, ಅದು ತಪ್ಪು, ಒಂದು ಸ್ವಿಚ್ಚು ಹಾಕ್ಬೇಕಿತ್ತು ಕಣೇ, ನಾನು ಹಾಕಿರಲಿಲ್ಲ. ಆ ಕಡೆ ಯಾರದೋ ಹೊಲಿಗೆ ಮೆಷಿನ್ನು ಓಡಿ ನಿಂತಿತು. ನಾನು ಬಟ್ಟೆ ಒಗೆಯೋ ಮೆಷಿನ್ನೇ ಕೆಟ್ಟಿರ್ಬೇಕು ಅಂದ್ಕೊಂಡಿದ್ದೆ, ಅಂದ್ಲು, ನೀನು ಮಾಡಿದ ಕೆಲಸ ಅಲ್ವಾ. ಮೆಷಿನ್ನೂ ಕೆಟ್ಟಿತ್ತು, ಆದ್ರೆ ಮುಟ್ಟಿದ ತಕ್ಷಣ ಕರೆಂಟು ಹೋಗ್ಬೇಕಿತ್ತು. ಹೋಗ್ಬೇಕಿತ್ತಾ? ಹೋಗ್ಬೇಕಿತ್ತು. ಬೈಯೇ, ಬೈದುಬಿಡು, ಒಂದು ಮಾತಾದ್ರೂ ಆಡು — ಅವಳು ಮೆಲ್ಲಗೆ, ಅಕ್ಕಾ, ಎದುರು ಮನೆಗೂ ನೀನೇ ಅಲ್ವಾ ಮಾಡಿದ್ದು, ಅವರ ಸೊಸೆ ಬಸುರಿ.

ಫೋನ್ ಇಟ್ಟು ಎಣಿಸ್ತಾ ಇದೀನಿ, ಎದುರು ಮನೆ, ಡ್ರೈವರ್ ಮನೆ, ಬ್ಯಾಂಕಿನವರ ಮೇಲ್ಮಹಡಿ, ದಂತವೈದ್ಯೆ ಮನೆ, ಹತ್ತೊಂಬತ್ತು, ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಮನೆ, ಎಲ್ಲರಿಗೂ ಬೇಕಾದ್ರೆ ಹಾಕ್ಸಿ ಅಂದವಳು ನಾನೇ, ನಾಳೆಯಿಂದ ಒಂದೊಂದೇ ಬಾಗಿಲು ತಟ್ಟಬೇಕು, ಉಗಿದ್ರೆ ಉಗಿಸ್ಕೋಬೇಕು. ಈ ಮೂವತ್ತು ಜನರದ್ದು ಸೇರಿದ್ರೆ ಎಷ್ಟು ಮನೆ, ಎಷ್ಟು ಒದ್ದೆ ಕೈ, ಸಹಿ ಹಾಕಿ ನಗ್ತಿದಾರೆ ಒಳಗೆ. ಬಾಗಿಲು ತಳ್ಳಿದೆ. ಸಾರ್, ಆ ಸ್ವಿಚ್ಚು ಹೇಗೆ ಪರೀಕ್ಷೆ ಮಾಡ್ಬೇಕು, ತೋರ್ಸಿ. ಅಯ್ಯೋ, ಎಲ್ಲಿ ತೋರಿಸ್ಲಮ್ಮ? ಇಲ್ಲೇ, ಬಾಗಿಲ ಪಕ್ಕ ನಿಮ್ಮದೇ ಬೋರ್ಡ್ ಇದೆಯಲ್ಲ, ಮುಚ್ಚಳ ತೆಗೆದೆ, ಇದೆ, ಆರ್‌ಸಿಸಿಬಿ ಇದೆ, ಮೇಲೆ ಬೆರಳಗಲ ಧೂಳು, ಧೂಳಿನಡಿ ಪರೀಕ್ಷೆಯ ಸಣ್ಣ ಗುಂಡಿ, ಒತ್ತಿದ್ರೆ ಇಡೀ ಹಾಲಿನ ಕರೆಂಟು ಹೋಗ್ಬೇಕು, ಅಷ್ಟೇ ಪರೀಕ್ಷೆ. ಒತ್ತಿದೆ. ಹೋಗಲಿಲ್ಲ. ಅದನ್ನ ಯಾರೂ ಒತ್ತಲ್ಲಮ್ಮ, ಅಂದ್ರು ಮೇಷ್ಟ್ರು, ದನಿ ಕುಗ್ಗಿದೆ. ಒತ್ತಿದೆ. ಕುರ್ಚಿಗಳು ಸರಿದ ಸದ್ದು, ಯಾರೂ ನಗ್ತಿಲ್ಲ ಈಗ, ಬೆನ್ನ ಹಿಂದೆ ಉಸಿರು, ಮೀಸೆಯವನು ಸಹಿ ಹಾಕಿದ ಹಾಳೆಯನ್ನ ನಿಧಾನಕ್ಕೆ ಎರಡು ತುಂಡು ಮಾಡ್ತಿದಾನೆ, ಮಧ್ಯಾಹ್ನ ಕ್ಲಾಸು ನಡೀಲಿ ಸಾರ್ ಅಂತಿದಾನೆ, ಮೇಷ್ಟ್ರು ಏನೋ ಅಂತಿದಾರೆ, ಕೇಳಿಸ್ತಿಲ್ಲ, ಹೆಬ್ಬೆರಳು ಗುಂಡಿ ಮೇಲೆ, ಒತ್ತಿದೆ, ತಲೆ ಮೇಲೆ ಟ್ಯೂಬ್‌ಲೈಟು ಉರೀತಾ ಇದೆ, ಒತ್ತಿದೆ, ಉರೀತಾ ಇದೆ, ಒತ್ತಿದೆ, ಉರೀತಾನೇ ಇದೆ