ಆರ್ಲೆತಾಳ ಉಸಿರು

"ಬಾಯಿ ಆಡಿಸಿ ಮಿಸ್ ಮಿನಾ, ಬಾಯಿ!" ಎಂದು ಕಾರ್ಯಕ್ರಮ ಏರ್ಪಡಿಸಿದ್ದ ಡೆನ್ನಿಸ್ ಹೋವಿ ಖಾಲಿ ಸಭಾಂಗಣದ ಮುಂದಿನ ಸಾಲಿನಿಂದ ಕೂಗಿದ.

ಮಿನಾ ಗ್ಯಾಸ್ಕಿನ್ ತುಟಿ ಬಿಗಿದುಕೊಂಡೇ ನಿಂತಿದ್ದಳು. ರಂಗದ ಎರಡೂ ಪಕ್ಕದ ಸ್ಪೀಕರುಗಳಿಂದ, ಹಳೆಯ ರೆಕಾರ್ಡಿನಲ್ಲಿದ್ದ ಅವಳದೇ ದನಿ ಹೊಮ್ಮುತ್ತಿತ್ತು. ಹತ್ತೊಂಬತ್ತರ ಹುಡುಗಿಯ ದನಿ, ಆ ವಯಸ್ಸಿಗೆ ಮೀರಿದ ಆಳ. ಅದರ ಮೇಲೆ ಕ್ಲೋಟಿಲ್ಡಳ ಎತ್ತರದ ದನಿ. ಎರಡರ ನಡುವೆ, ತೀರಿಕೊಂಡ ಆರ್ಲೆತಾಳದು. ಹಸಿರು ಮಿಂಚಿನ ಉಡುಪು ತೊಟ್ಟ ಕ್ಲೋಟಿಲ್ಡ್ ಬ್ರಾಡ್‌ನ್ಯಾಕ್ಸ್ ಮಾತ್ರ ಎಪ್ಪತ್ತೆಂಟರಲ್ಲೂ ಸೊಂಟ ತಿರುಗಿಸುತ್ತ ಹಾಡಿಗೆ ಸರಿಯಾಗಿ ಬಾಯಿ ತೆರೆದು ಮುಚ್ಚುತ್ತಿದ್ದಳು. ಆರ್ಲೆತಾ ನಿಲ್ಲುತ್ತಿದ್ದ ಜಾಗದಲ್ಲಿ ಅಂಥದೇ ಉಡುಪು ತೊಟ್ಟು, ಹೋವಿ ಗೊತ್ತುಮಾಡಿದ್ದ ಶನೀಸ್ ಎಂಬ ಯುವತಿ ನಿಂತಿದ್ದಳು.

ಹೋವಿ ಕೈಯೆತ್ತಿ ಹಾಡು ನಿಲ್ಲಿಸಿದ.

"ಏನು ತೊಂದರೆ?"

"ಅದು ಯಾರ ದನಿ?"

"ನಿಮ್ಮದೇ ತಾನೇ!"

"ನನ್ನದೇ ಆದ್ರೆ, ನಾನು ಇಲ್ಲೇ ಬದುಕಿದೀನಲ್ಲಪ್ಪ. ನನ್ನನ್ನೇ ಕೇಳಬಹುದಿತ್ತಲ್ಲ."

ಹೋವಿ ತಾಳ್ಮೆಯಿಂದ ನಕ್ಕ. "ಜನ ಬರೋದು ಆ ದನಿ ಕೇಳೋಕೆ. ಈಗಿನದು... ಬೇರೆ. ಮೂರು ಗಂಟೆಗೆ ಬಾಗಿಲು ತೆಗೀತಾರೆ, ಟಿ.ವಿ.ಯವರು ಬಂದಾಗಿದೆ. ನಿಮ್ಮ ತಂಡದ ಡಾಫಿನೆಟ್ಸ್ ಅನ್ನೋ ಹೆಸರು ಈಗ ನನ್ನದು, ನೆನಪಿರಲಿ. ಆ ಹೆಸರಲ್ಲಿ ಯಾರನ್ನಾದ್ರೂ ನಿಲ್ಲಿಸಬಹುದು. ಹತ್ತು ನಿಮಿಷ ತಗೊಳ್ಳಿ."

ಅವನು ಫೋನು ಹಿಡಿದು ಆಚೆ ನಡೆದ.

"ಆಡಿಸೇ ಬಾಯಿ," ಎಂದಳು ಕ್ಲೋಟಿಲ್ಡ್, ದನಿ ತಗ್ಗಿಸಿ. "ನಿನಗೇನು, ಆಸ್ಪತ್ರೆ ಲಾಂಡ್ರೀಲಿ ಕೆಲಸ ಮಾಡಿದೆ, ಪಿಂಚಣಿ ಬರತ್ತೆ, ಮೊಮ್ಮಕ್ಕಳಿದಾರೆ. ನಾನು ಸಾವಿನ ಮನೆಗಳಲ್ಲಿ ಹಾಡಿಕೊಂಡು ಬಂದವಳು. ಅಲ್ಲಿ ಯಾರಾದ್ರೂ ಚಪ್ಪಾಳೆ ತಟ್ತಾರೇನೇ? ಒಂದೇ ಒಂದು ಮಧ್ಯಾಹ್ನ, ಮಿನಾ. ನನಗೋಸ್ಕರ."

"ನಮ್ಮ ಮೊದಲನೇ ರೆಕಾರ್ಡಿನ ಹೊದಿಕೆ ನೆನಪಿದೆಯಾ?"

"ಈಗ ಯಾಕೆ ಅದು?"

"ಸಮುದ್ರದ ದಂಡೆ ಮೇಲೆ ಬಿಳಿಯ ಹುಡುಗ, ಬಿಳಿಯ ಹುಡುಗಿ. ನಮ್ಮ ಕಪ್ಪು ಮುಖ ಹಾಕಿದ್ರೆ ಅಂಗಡಿಯವರು ಇಡಲ್ಲ ಅಂದ್ರು. ಆವತ್ತು ದನಿ ತಗೊಂಡು ಮುಖ ಬೇಡ ಅಂದ್ರು. ಇವತ್ತು ಮುಖ ಬೇಕು, ದನಿ ಬೇಡ. ನೀನು ಎರಡಕ್ಕೂ ಹೂಂ ಅಂತೀಯ."

"ನಿನ್ನದು ಯಾವಾಗಲೂ ಇದೇ ಹಟ. ಅದಕ್ಕೇ ನಾನು ಬಿಟ್ಟುಹೋಗಿದ್ದು."

"ನೀನು ಬಿಟ್ಟುಹೋಗಿದ್ದು ನಿನ್ನೊಬ್ಬಳ ಹೆಸರು ದೊಡ್ಡದಾಗಿ ಬರೀತಾರೆ ಅಂತ. ಬರೆದರಾ?"

ಕ್ಲೋಟಿಲ್ಡ್ ಮುಖ ತಿರುಗಿಸಿದಳು. ನಡುವೆ ಸಿಕ್ಕಿಕೊಂಡ ಶನೀಸ್ ತನ್ನ ಬೂಟನ್ನೇ ನೋಡುತ್ತಿದ್ದಳು.

ಹೋವಿ ಹಿಂದಿರುಗಿದವನೇ ಮತ್ತೆ ಹಾಡು ಹಾಕಿಸಿದ. ಉತ್ತರ ಫಿಲಡೆಲ್ಫಿಯಾದ ಡಾಫಿನ್ ಬೀದಿಯ ಮನೆಯೊಂದರ ಮುಂದೆ, ಕಲ್ಲು ಮೆಟ್ಟಿಲ ಮೇಲೆ ಕೂತು ಮೂವರು ಹುಡುಗಿಯರು ಕಟ್ಟಿದ ಹಾಡು ಅದು. ಒಂದು ಬೇಸಿಗೆಯಿಡೀ ದೇಶದ ಪ್ರತಿ ಕಾರಿನ ಕಿಟಕಿಯಿಂದಲೂ ಅದು ಕೇಳುತ್ತಿತ್ತು. ಮೊದಲನೆಯ ಚರಣ ಮುಗಿಯಿತು. ಸಂಗೀತ ಒಂದು ಕ್ಷಣ ತಗ್ಗಿತು. ಆಗ ಖಾಲಿ ಸಭಾಂಗಣದ ತುಂಬ ಒಂದು ಉಸಿರು ಕೇಳಿಸಿತು. ಬೆಟ್ಟ ಹತ್ತಿದವರು ಎಳೆದುಕೊಳ್ಳುವಂಥ ಉಸಿರು.

ಹಾಡು ರೆಕಾರ್ಡ್ ಮಾಡಿದ ದಿನ ಆರ್ಲೆತಾ ಪೀಟ್ ಏಳು ತಿಂಗಳ ಬಸುರಿ. ಕಂಪನಿಯವರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆಂದು ಜುಲೈ ತಿಂಗಳ ಸೆಕೆಯಲ್ಲೂ ಅಣ್ಣನ ದೊಗಲೆ ಕೋಟು ತೊಟ್ಟು ಬಂದಿದ್ದಳು. ಹಾಡುವಾಗ ಕ್ಲೋಟಿಲ್ಡ್ ಒಂದು ಕೈಯಿಂದ ಅವಳ ಬೆನ್ನಿಗೆ ಆಸರೆ ಕೊಟ್ಟಿದ್ದಳು. ಉಸಿರು ಎಳೆದಾಗ ಆ ಬೆನ್ನು ಉಬ್ಬಿದ್ದು ಅಂಗೈಗೆ ತಿಳಿದಿತ್ತು.

ಕ್ಲೋಟಿಲ್ಡ್ ಪಕ್ಕಕ್ಕೆ ತಿರುಗಿ ನೋಡಿದಳು. ಶನೀಸಳ ತುಟಿ ಸುಂದರವಾಗಿ ಅರೆತೆರೆದಿತ್ತು. ಎದೆ ಅಲುಗಿರಲಿಲ್ಲ.

ಕ್ಲೋಟಿಲ್ಡಳ ಬಾಯಿ ಹಾಗೇ ನಿಂತಿತು. ಅವಳದೇ ದನಿ ಎರಡನೆಯ ಚರಣವನ್ನು ಅವಳಿಲ್ಲದೆ ಹಾಡಿಕೊಂಡು ಹೋಯಿತು.

"ನಿಲ್ಲಿಸಿ ಅದನ್ನ," ಎಂದಳು. ಯಾರೂ ನಿಲ್ಲಿಸಲಿಲ್ಲ. "ನಿಲ್ಲಿಸ್ರೋ!" ಎಂದು ಕಿರುಚಿದಾಗ ದನಿ ಒಡೆದು ಎರಡಾಯಿತು.

ಹಾಡು ನಿಂತಿತು.

"ಈ ಮಗೂದು ಏನೂ ತಪ್ಪಿಲ್ಲ," ಎಂದು ಶನೀಸಳ ಭುಜ ತಟ್ಟಿದಳು. "ಆದ್ರೆ ಆರ್ಲೆತಾಳ ಉಸಿರಿಗೆ ಇನ್ನೊಬ್ಬರ ಬಾಯಿ ಬೇಡ. ನಾವಿಬ್ಬರೇ ಹಾಡ್ತೀವಿ. ಪಿಯಾನೋದವನಿಗೆ ಹೇಳಿ, ಶ್ರುತಿ ಇಳಿಸಲಿ. ಚೆನ್ನಾಗೇ ಇಳಿಸಲಿ."

"ಹಾಗಿದ್ರೆ ಡಾಫಿನೆಟ್ಸ್ ಅಂತ ಹೇಳಿಕೊಳ್ಳೋ ಹಾಗಿಲ್ಲ," ಎಂದ ಹೋವಿ.

"ಇಟ್ಕೋ ಅದನ್ನ," ಎಂದಳು ಕ್ಲೋಟಿಲ್ಡ್. "ನಮಗೆ ಅಪ್ಪ ಅಮ್ಮ ಇಟ್ಟ ಹೆಸರಿದೆ."

ಶನೀಸ್ ಕಿವಿಯಲ್ಲಿದ್ದ ಇಯರ್‌ಫೋನು ಕಿತ್ತು ಹೋವಿಯ ಕೈಗೆ ಕೊಟ್ಟಳು. "ನಾನೂ ಹಾಡೋಕೆ ಅಂತಲೇ ಬಂದಿದ್ದು ಸರ್. ಇದಕ್ಕಲ್ಲ," ಎಂದು ರಂಗದಿಂದ ಇಳಿದು ಕೆಳಗಿನ ಕುರ್ಚಿಯಲ್ಲಿ ಕೂತಳು. ಹೊರಗೆ ಆಗಲೇ ಜನ ಸಾಲುಗಟ್ಟಿದ್ದರು. ಬೇರೆ ಮೂವರನ್ನು ಹುಡುಕಲು ಹೋವಿಗೆ ಸಮಯವಿರಲಿಲ್ಲ.

ಮೂರೂವರೆಗೆ ಇಬ್ಬರೂ ತಮ್ಮ ಹೆಸರು ತಾವೇ ಹೇಳಿಕೊಂಡು ಹಾಡಿದರು. ನಡುವಿನ ಜಾಗಕ್ಕೆ ಇಬ್ಬರಲ್ಲಿ ಯಾರೂ ಸರಿಯಲಿಲ್ಲ. ಶ್ರುತಿ ಇಳಿಸಿದರೂ ಕ್ಲೋಟಿಲ್ಡಳಿಗೆ ಎತ್ತರದ ಸ್ವರ ಸಿಗಲಿಲ್ಲ. ಸಿಗದಿದ್ದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಹಿಂದಿನ ಸಾಲಿನ ಕೆಲವರು ಎದ್ದು ಹೊರಟರು.

"ರೆಕಾರ್ಡಿನ ಹಾಗೆ ಹಾಡ್ರೀ!" ಎಂದು ಒಬ್ಬ ಕೂಗಿದ.

ಮಿನಾ ಮೈಕಿಗೆ ಬಾಗಿದಳು. "ರೆಕಾರ್ಡು ನಿಮ್ಮ ಮನೇಲೇ ಇದೆಯಲ್ಲ ಸ್ವಾಮಿ, ಹೋಗಿ ಹಾಕ್ಕೊಳ್ಳಿ. ಇಲ್ಲಿ ಬಂದಿರೋದು ನಾವು."

ನಗು ಎದ್ದಿತು. ಮುಂದಿನ ಸಾಲುಗಳಲ್ಲಿ ಚರ್ಚಿನ ಟೊಪ್ಪಿ ತೊಟ್ಟ ಹೆಂಗಸರು "ಹೇಳೇ ತಾಯಿ, ಹೇಳು!" ಎಂದರು. ಎರಡನೆಯ ಚರಣಕ್ಕೆ ಮುಂಚೆ ಇಬ್ಬರೂ ಸುಮ್ಮನೆ ನಿಂತರು. ಆರ್ಲೆತಾ ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಹಾಡಿದರು.

ಹಾಡು ಮುಗಿದಾಗ ಎಲ್ಲರೂ ಎದ್ದು ನಿಲ್ಲಲಿಲ್ಲ. ನಿಂತವರು ಬೇಗ ಕೂರಲಿಲ್ಲ.

"ಟಿ.ವಿ.ಯಲ್ಲಿ ಇದು ಬರಲ್ಲ," ಎಂದ ಹೋವಿ, ಪರದೆಯ ಹಿಂದೆ. "ಇನ್ನು ಮುಂದೆ ಕರೆಯೋದೂ ಇಲ್ಲ. ಮನೆಗೆ ಬಿಡೋಕೆ ಕಾರೂ ಇಲ್ಲ."

"ಬೇಡ ಬಿಡು," ಎಂದಳು ಕ್ಲೋಟಿಲ್ಡ್. ತಲೆ ತಗ್ಗಿಸಲಿಲ್ಲ.

ಬ್ರಾಡ್ ಬೀದಿಯಲ್ಲಿ ಇನ್ನೂ ಸಂಜೆಯ ಬಿಸಿಲಿತ್ತು. ಇಬ್ಬರೂ ಉಡುಪಿನ ಮೇಲೆ ಕೋಟು ಹಾಕಿಕೊಂಡು ಬಸ್ಸಿಗೆ ಕಾದರು. ಒಂದೇ ಪೊಟ್ಟಣದಿಂದ ಬಿಸಿ ಪ್ರೆಟ್ಜೆಲ್ ರೊಟ್ಟಿ ಮುರಿದು ತಿಂದರು. ಅದಕ್ಕೆ ಹಚ್ಚಿದ್ದ ಸಾಸಿವೆ ಗೊಜ್ಜು ಕ್ಲೋಟಿಲ್ಡಳ ಕೈಗವಸಿಗೆ ಹತ್ತಿತು. ಬಸ್ಸು ಬಂದು ನಿಂತಿತು. ಮುದುಕಿಯರನ್ನು ನೋಡಿ, ಹತ್ತಲು ಸುಲಭವಾಗಲೆಂದು ಚಾಲಕ ಬಸ್ಸಿನ ಮೆಟ್ಟಿಲು ತಗ್ಗಿಸುವ ಗುಂಡಿ ಒತ್ತಿದ. ಬಸ್ಸು ಬುಸುಗುಡುತ್ತ ಅವರ ಕಡೆಗೆ ವಾಲತೊಡಗಿತು.

"ಬಗ್ಗಿಸಬೇಡಪ್ಪ," ಎಂದಳು ಕ್ಲೋಟಿಲ್ಡ್. "ನಾವೇ ಹತ್ತುತೀವಿ."

ಬಸ್ಸು ಮತ್ತೆ ನೆಟ್ಟಗಾಗುವವರೆಗೂ ಅವಳು ಕಾದಳು. ಆಮೇಲೆ ಒಂದು ಕೈಯಲ್ಲಿ ಹಸಿರು ಉಡುಪಿನ ಅಂಚನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಮಿನಾಳ ಮೊಣಕೈ ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟಳು.