ಊಟ ಆತೇನವಾ?

ಪ್ರಾರ್ಥನೆಯ ಸಾಲಿನಲ್ಲಿ ಸಂಜನಾ ಕುಸಿದು ಬಿದ್ದಾಗ ಎಲ್ಲರೂ ಬಿಸಿಲನ್ನೇ ಬೈದರು. ವಡೋದರಾದ ಬಿಸಿಲು ಸಾಮಾನ್ಯದ್ದಲ್ಲ, ನಿಜ. ಆದರೆ ನರ್ಸ್ ಅವಳಿಗೆ ಗ್ಲುಕೋಸ್ ಕುಡಿಸುತ್ತ, ಈ ಹುಡುಗಿ ಸರಿಯಾಗಿ ಉಂಡು ಬಹಳ ದಿನವಾದಂತಿದೆ ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಇದೇ ಊರಿನ ಗೋರ್ವಾ ಬಡಾವಣೆಯಲ್ಲಿ ಉಡುಪಿ ಹೋಟೆಲ್ ನಡೆಸುವ ಸೀತಾರಾಮ ಶೆಟ್ಟರ ಮಗಳು ಅವಳು. ಊರಿಗೆಲ್ಲ ಊಟ ಹಾಕುವ ಮನೆಯ ಮಗು ಹಸಿದು ಬೀಳುವುದೆಂದರೇನು?

ಸ್ಟಾಫ್‌ರೂಮಿನಲ್ಲಿ ಯಾರೂ ಚಹಾ ಆರಲು ಬಿಡಲಿಲ್ಲ. ಶುಕ್ರವಾರ ಅರ್ಪಿತಾ ಬರುತ್ತಾಳಲ್ಲ, ನೋಡಿಕೊಳ್ಳುತ್ತಾಳೆ ಎಂದರು ಹೆಡ್‌ಮೇಡಂ. ಅರ್ಪಿತಾ ನಮ್ಮ ಶಾಲೆಯ ಕೌನ್ಸೆಲರ್, ವಾರಕ್ಕೆರಡು ದಿನ ಬರುವವಳು. ಮಕ್ಕಳಲ್ಲಿ ಯಾರು ಅತ್ತರೂ, ಮಂಕಾದರೂ ಅವಳ ಕೋಣೆಗೆ ಕಳಿಸಿ ಕೈ ತೊಳೆದುಕೊಳ್ಳುವುದು ನಮ್ಮ ರೂಢಿ. ಅಲ್ಲಿಯವರೆಗೆ ಹುಡುಗಿ ಗಾಳಿ ಕುಡಿದು ಇರಬೇಕೇ ಎಂದು ನನ್ನ ಧಾರವಾಡದ ಹಿಂದಿಯಲ್ಲಿ ಕೇಳಿದೆ. ನಳಿನಿಬೆನ್, ನೀವು ಗಣಿತ ಕಲಿಸಿ, ಮನಸ್ಸಿನ ಲೆಕ್ಕ ಅವರು ಮಾಡಲಿ ಎಂದು ಪಿ.ಟಿ. ಮಾಸ್ತರ ಉಮಾಕಾಂತ ನಕ್ಕ. ಎಲಾ ಇವನ! ನಾನು ಅಲ್ಲೇ ನಿಂತು ಅರ್ಪಿತಾಗೆ ಫೋನ್ ಹಚ್ಚಿದೆ.

ಮರುದಿನ ಅವಳು ರಜೆ ಬಿಟ್ಟು ಬಂದಳು. ಸಂಜನಾಳ ಜೊತೆ ಬಹಳ ಹೊತ್ತು ಕೂತಳು. ಆಮೇಲೆ ನಮ್ಮನ್ನೆಲ್ಲ ಕೂಡಿಸಿ, ಹುಡುಗಿ ಹೇಳಲು ಒಪ್ಪಿದ್ದಷ್ಟನ್ನೇ ಹೇಳಿದಳು. ಮೈದಾನದಲ್ಲಿ ಎಲ್ಲರೂ ಅವಳನ್ನು 'ಇಡ್ಲಿ' ಎಂದು ಕರೆಯುತ್ತಾರೆ. ಶುರುಮಾಡಿದ್ದು ಉಮಾಕಾಂತ, ಪ್ರೀತಿಯಿಂದಲೇ. ಈಗ ಯಾರಾದರೂ ನೋಡುತ್ತಿದ್ದರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅಮ್ಮ ಕಟ್ಟಿದ ಡಬ್ಬಿ ತುಂಬಿಕೊಂಡೇ ವಾಪಸಾದರೆ ಮನೆಯಲ್ಲಿ ಬೈಗುಳ, ಅದಕ್ಕೇ ಹಂಚಿಬಿಡುತ್ತಾಳೆ.

ಹಂಚಿದ್ದನ್ನು ತಿಂದವರು ಯಾರು? ಅರ್ಧ ತರಗತಿಯ ಮಕ್ಕಳು, ಉಳಿದರ್ಧ ನಾವು. ಗೋಳಿಬಜೆ, ಬನ್ಸ್ ಸ್ಟಾಫ್‌ರೂಮಿನ ಇದೇ ಮೇಜಿಗೆ ಬರುತ್ತಿದ್ದವು. ಎಂಥ ಉದಾರ ಹುಡುಗಿ ಎಂದು ಬೆನ್ನು ತಟ್ಟಿದ್ದೆವು. ಚಟ್ನಿ ಸಾಲದು ಎಂದವನೂ ಉಮಾಕಾಂತನೇ. ಈಗ ಅವನು ತಲೆ ಎತ್ತಲಿಲ್ಲ.

ನಾನು ಸುಮ್ಮನಿರುವವಳೇ? ಯಾರಿಗೂ ಕಣ್ಣಿರಲಿಲ್ಲವೇ, ನಾನಾದರೂ ದಿನಾ ಕೇಳುತ್ತಿದ್ದೆ ಎಂದು ಹಾರಾಡಿದೆ. ಏನೆಂದು ಕೇಳುತ್ತಿದ್ದಿರಿ ಎಂದಳು ಅರ್ಪಿತಾ. ಊಟ ಆಯಿತೇ ಎಂದು, ನಮ್ಮ ಕನ್ನಡದಲ್ಲೇ, ಕಾರಿಡಾರಿನಲ್ಲಿ ಕಂಡಾಗಲೆಲ್ಲ, ಎಂದೆ.

ಅದನ್ನೂ ಸಂಜನಾ ಹೇಳಿದಳು ಎಂದಳು ಅರ್ಪಿತಾ ಮೆಲ್ಲಗೆ. ಅದು ಪ್ರಶ್ನೆಯಲ್ಲ, ನಮಸ್ಕಾರ ಇದ್ದಹಾಗೆ, ದೊಡ್ಡವರು ಕೇಳಿದರೆ ಆಯಿತು ಎನ್ನಬೇಕು ಎಂದು ಅಮ್ಮ ಕಲಿಸಿದ್ದಾರಂತೆ.

ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಪರರ ಮನೆಯಲ್ಲಿ 'ಆತ್ರಿ' ಎನ್ನುವ ಜನ ನಾವು. ನಾನೇ ಎಷ್ಟು ಸಲ ಅಂದಿಲ್ಲ!

ವಾರಕ್ಕೊಂದು ತಾಸು ಅವಳ ಜೊತೆ ನಾನಿರುತ್ತೇನೆ, ಡಾಕ್ಟರನ್ನೂ ತಂದೆತಾಯಿಯನ್ನೂ ಕಾಣುತ್ತೇನೆ, ಉಳಿದ ವಾರವೆಲ್ಲ ಅವಳು ನಿಮ್ಮ ಕೈಯಲ್ಲೇ ತಾನೆ ಎಂದಳು ಅರ್ಪಿತಾ. ಅಡ್ಡಹೆಸರು ಬಿಡಿಸುವ ಕೆಲಸ ನನ್ನದು ಎಂದು ಉಮಾಕಾಂತ ತಾನಾಗಿಯೇ ಎದ್ದ. ಡಬ್ಬಿ ಇನ್ನು ಸ್ಟಾಫ್‌ರೂಮಿಗೆ ಬರಕೂಡದೆಂದಾಯಿತು. ಯಾರು ಏನು ಕಂಡರೂ ಅಂದೇ ಹೇಳಬೇಕು, ಶುಕ್ರವಾರಕ್ಕೆ ಕಾಯಬಾರದು. ಹೆಡ್‌ಮೇಡಂ ಗೊಣಗಿದರೂ ಊಟದ ಬಿಡುವಿಗೆ ಲೈಬ್ರರಿಯ ಬೀಗದಕೈ ಕೊಟ್ಟರು. ಅಲ್ಲಿ ಸಂಜನಾ ಉಣ್ಣುವಾಗ ಅವಳಿಗೆ ಬೆನ್ನು ಮಾಡಿ ಕೂರುವುದು ನನ್ನ ಪಾಲಿಗೆ ಬಂತು. ಬಾಯಿ ಮುಚ್ಚಿಕೊಂಡಿರಿ ಎಂದೂ ಅರ್ಪಿತಾ ಹೇಳಿದ್ದಳು.

ಸೋಮವಾರ ಕೂತೆ. ಹಿಂದೆ ಡಬ್ಬಿ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ತಿದ್ದಲು ತಂದ ಪೇಪರಿನ ಮೇಲೆ ಪೆನ್ನು ಓಡಲಿಲ್ಲ. ತಿರುಗಿ ನೋಡಲೇ? ಬೇಡ. ಒಂದು ತುತ್ತಾದರೂ ತಿಂದಳೇ? ಕಿಟಕಿಯಾಚೆ ಉಮಾಕಾಂತ ಅಡ್ಡಾಡುತ್ತಿದ್ದ, ಇಣುಕಲು ಬಂದವನನ್ನು ಕೈಬೀಸಿ ಓಡಿಸಿದೆ. ಬಿಡುವು ಮುಗಿಯುತ್ತ ಬಂತು. ಸುಡುಗಾಡು ನಾಲಿಗೆ, ರೂಢಿಯಂತೆ ಜಾರಿಯೇಬಿಟ್ಟಿತು.

"ಊಟ ಆತೇನವಾ?"

ಕೆಡಿಸಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

"ಇಲ್ಲ ಮಿಸ್," ಎಂದಳು. "ಆಗ್ಲಿಲ್ಲ."

ಹುಟ್ಟಿದಾಗಿನಿಂದ ಈ ಪ್ರಶ್ನೆ ಕೇಳುತ್ತ ಬಂದವಳು ನಾನು, ಈ ಉತ್ತರ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮುಂದಿನದು ಪಿ.ಟಿ. ಬಾಗಿಲಿಗೆ ಬಂದ ಉಮಾಕಾಂತ ನನ್ನ ಮುಖ ನೋಡಿದ, ಅವಳನ್ನು ಕರೆಯದೆ ಮೈದಾನಕ್ಕೆ ಹಿಂತಿರುಗಿ ಉಳಿದ ಮಕ್ಕಳಿಗೆ ಸೀಟಿ ಊದಿದ.

ನಾನು ಚೀಲದಿಂದ ನನ್ನ ರೊಟ್ಟಿಯ ಗಂಟು ತೆಗೆದೆ. ತಿರುಗಲಿಲ್ಲ.

"ನಂದೂ ಆಗಿಲ್ಲ ನೋಡವಾ," ಎಂದೆ.